ಹೋಮ್ ಥಿಯೇಟರ್ ರಿಸೀವರ್ ಮೂಕವಾದರೆ: ಪೆಟ್ಟಿಗೆ ಬಿಚ್ಚಿಸುವ ಮುನ್ನ ನೀವೇ ಮಾಡಬಹುದಾದ ತಪಾಸಣೆ

ದಸರಾ ಗೊಂಬೆಗಳು ಮರಳಿ ಪೆಟ್ಟಿಗೆ ಸೇರುವ ವಾರದಲ್ಲಿ ನನಗೆ ಬರುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ: ‘ಹಬ್ಬಕ್ಕೆ ಮುಂಚೆ ಚೆನ್ನಾಗಿತ್ತು, ಈಗ ಹೋಮ್ ಥಿಯೇಟರಿನಲ್ಲಿ ಸದ್ದೇ ಇಲ್ಲ. ರಿಸೀವರ್ ಸುಟ್ಟುಹೋಗಿದೆಯೇ?’ ಸಾಮಾನ್ಯವಾಗಿ ಸುಟ್ಟಿರುವುದಿಲ್ಲ. ಮೈಸೂರು, ಮಂಡ್ಯದ ಮನೆಗಳಲ್ಲಿ ಗೊಂಬೆ ಕೂರಿಸಲು ಜಾಗ ಸಿಗುವುದು ಟಿವಿ ಇರುವ ಗೋಡೆಯ ಬಳಿಯೇ. ಟಿವಿ ಸ್ಟ್ಯಾಂಡ್ ಪಕ್ಕಕ್ಕೆ ಸರಿಯುತ್ತದೆ, ಹಿಂದಿನ ತಂತಿಗಳು ಕಳಚಿಕೊಳ್ಳುತ್ತವೆ, ವಿಜಯದಶಮಿ ಕಳೆದ ಮೇಲೆ ನೆನಪಿದ್ದಂತೆ ಮರಳಿ ಸೇರುತ್ತವೆ. ನೆನಪು ಒಂದು ತೂತು ಆಚೀಚೆ ಆಗಿರುತ್ತದೆ. ವರ್ಷದ ಉಳಿದ ಕಾಲದಲ್ಲಿ ಇದೇ ಕೆಲಸವನ್ನು ಸುಣ್ಣಬಣ್ಣದವರು, ಬಾಡಿಗೆ ಮನೆಯ ಬದಲಾವಣೆ ಮತ್ತು ಇಲಿಗಳು ವಹಿಸಿಕೊಳ್ಳುತ್ತವೆ.

ಕೇಳಿದವರಿಗೆಲ್ಲ ಬಿಡಿಬಿಡಿಯಾಗಿ ಹೇಳುವುದಕ್ಕಿಂತ ಪೂರ್ತಿ ಕ್ರಮವನ್ನು ಇಲ್ಲಿ ಬರೆದಿಡುತ್ತಿದ್ದೇನೆ. ಸದ್ದು ಎಲ್ಲಿಯವರೆಗೆ ಬರುತ್ತಿದೆ, ಎಲ್ಲಿ ನಿಂತಿದೆ ಎಂಬುದನ್ನು ಮೊದಲು ಕಂಡುಕೊಳ್ಳಿ, ಆಮೇಲೆ ಕೈ ಹಾಕಿ. ಗದ್ದೆಗೆ ನೀರು ಬರದಿದ್ದರೆ ಮಂಡ್ಯದ ರೈತ ಮೊದಲು ತೂಬಿನ ಕಡೆ ನಡೆಯುತ್ತಾನೆ, ಗದ್ದೆಯನ್ನು ಅಗೆಯಲು ಕೂರುವುದಿಲ್ಲ.

ಹೊಸಬರಿಗಾಗಿ ಎರಡು ಮಾತು. ರಿಸೀವರ್ ಎಂದರೆ ಟಿವಿ, ಸೆಟ್‌ಟಾಪ್ ಬಾಕ್ಸ್, ಡಿಸ್ಕ್ ಪ್ಲೇಯರ್‌ಗಳಿಂದ ಬರುವ ಧ್ವನಿಸಂಕೇತವನ್ನು ಪಡೆದು, ಬಿಡಿಸಿ, ಬಲಪಡಿಸಿ ಸ್ಪೀಕರ್‌ಗಳಿಗೆ ಹಂಚುವ ಪೆಟ್ಟಿಗೆ. 5.1 ಎಂದರೆ ಮುಂದಿನ ಎಡ ಮತ್ತು ಬಲ, ನಡುವಿನ ಸೆಂಟರ್, ಪಕ್ಕದಲ್ಲೋ ಹಿಂದೆಯೋ ಎರಡು ಸರೌಂಡ್. ಚುಕ್ಕೆಯ ನಂತರದ ಆ ಒಂದು, ಗುಡುಗಿನಂಥ ತಗ್ಗು ಸದ್ದಿಗಾಗಿ ಇರುವ ಸಬ್‌ವೂಫರ್. ಡೆನಾನ್, ಯಮಹಾ, ಸೋನಿ, ಒನ್ಕಿಯೊ, ಯಾವುದೇ ಆಗಲಿ, ಮೆನುವಿನ ಹೆಸರುಗಳು ಬದಲಾಗುತ್ತವೆ, ಕ್ರಮ ಬದಲಾಗುವುದಿಲ್ಲ.

ಕೈಯಲ್ಲಿ ಇರಬೇಕಾದವು

ಟಾರ್ಚ್, ರಿಸೀವರಿನ ರಿಮೋಟ್ ಮತ್ತು ಅದಕ್ಕೆ ಹೊಸ ಸೆಲ್, ಇನ್ನೊಂದು ಎಚ್‌ಡಿಎಂಐ ಕೇಬಲ್ (ಚಿತ್ರ, ಧ್ವನಿ ಎರಡನ್ನೂ ಒಯ್ಯುವ ತಂತಿ), ಕಾಗದದ ಅಂಟುಪಟ್ಟಿ, ಪೆನ್ನು, 1.5 ವೋಲ್ಟಿನ ಒಂದು ಪೆನ್ಸಿಲ್ ಸೆಲ್. ಮಲ್ಟಿಮೀಟರ್ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತದೆ.

ಎಚ್ಚರಿಕೆ ಎರಡು. ಸ್ಪೀಕರ್ ತಂತಿಯನ್ನು ಮುಟ್ಟುವ ಮುನ್ನ ರಿಸೀವರಿನ ಪ್ಲಗ್ ಕಿತ್ತಿಡಿ. ರಿಮೋಟಿನಿಂದ ಆರಿಸಿದರೆ ಸಾಲದು. ಇನ್ನು, ಮೇಲಿನ ಮುಚ್ಚಳದ ಸ್ಕ್ರೂ ಬಿಚ್ಚಬೇಡಿ. ಒಳಗಿನ ದಪ್ಪ ಕೆಪಾಸಿಟರ್‌ಗಳು, ಅಂದರೆ ವಿದ್ಯುತ್ತನ್ನು ಕೂಡಿಟ್ಟುಕೊಳ್ಳುವ ಡಬ್ಬಿಗಳು, ಪ್ಲಗ್ ಕಿತ್ತ ಮೇಲೂ ಒದೆಯುವಷ್ಟು ವಿದ್ಯುತ್ತನ್ನು ಹಿಡಿದಿಟ್ಟುಕೊಂಡಿರುತ್ತವೆ.

1. ಫೋಟೊ ತೆಗೆಯಿರಿ, ಸಣ್ಣಪುಟ್ಟವನ್ನು ಮುಗಿಸಿ

ಹಿಂಭಾಗದ ತಂತಿಗಳು ಈಗ ಹೇಗಿವೆಯೋ ಹಾಗೇ, ತಪ್ಪಾಗಿದ್ದರೂ ಸರಿ, ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಆಮೇಲೆ ನೋಡಿ: ಮ್ಯೂಟ್ ಆಗಿದೆಯೇ? ಮುಂಭಾಗದ ಹೆಡ್‌ಫೋನ್ ತೂತಿನಲ್ಲಿ ಏನಾದರೂ ಸಿಕ್ಕಿಕೊಂಡಿದೆಯೇ? ಅಲ್ಲಿ ಒಂದು ಪಿನ್ ಕುಳಿತರೆ ಎಲ್ಲ ಸ್ಪೀಕರ್‌ಗಳೂ ಬಾಯಿ ಮುಚ್ಚುತ್ತವೆ. ‘ಸ್ಪೀಕರ್ ಎ’, ‘ಸ್ಪೀಕರ್ ಬಿ’ ಗುಂಡಿಗಳಿದ್ದರೆ ‘ಎ’ ಚಾಲೂ ಇರಲಿ. ಇಷ್ಟರಲ್ಲೇ ಮುಗಿದರೆ ಯಾರಿಗೂ ಹೇಳಬೇಡಿ, ನಾನೂ ಹೇಳುವುದಿಲ್ಲ.

2. ಎಫ್‌ಎಂ ಹಾಕಿ

ಇಡೀ ತಪಾಸಣೆಯಲ್ಲಿ ಇದೇ ಮುಖ್ಯವಾದ ಹೆಜ್ಜೆ, ಮತ್ತು ಯಾರೂ ಮಾಡದ ಹೆಜ್ಜೆಯೂ ಇದೇ. ಹೆಚ್ಚಿನ ರಿಸೀವರ್‌ಗಳ ಒಳಗೆ ಒಂದು ರೇಡಿಯೊ ಇದೆ. ಪೆಟ್ಟಿಗೆಯೊಳಗೆ ಬಂದಿದ್ದ ಎಫ್‌ಎಂ ಏರಿಯಲ್ ತಂತಿಯನ್ನು ಹಿಂಬದಿಯಲ್ಲಿ ಸಿಕ್ಕಿಸಿ, ಟ್ಯೂನರ್ ಆಯ್ಕೆ ಮಾಡಿ, ಮೈಸೂರು ಆಕಾಶವಾಣಿಯ 100.6ಕ್ಕೆ ಇಡಿ. ತಂತಿ ಕಳೆದುಹೋಗಿದ್ದರೆ ಒಂದೂವರೆ ಮೀಟರಿನಷ್ಟು ಯಾವುದಾದರೂ ತೆಳು ತಂತಿಯನ್ನು ಏರಿಯಲ್ ತೂತಿನ ನಡುವಿನ ಭಾಗಕ್ಕೆ ತಾಗಿಸಿದರೂ ಪರೀಕ್ಷೆಗೆ ಸಾಕು. ನಿಲಯ ಸಿಗದಿದ್ದರೆ ಬರುವ ಸುಂಯ್ ಸದ್ದೂ ನಮಗೆ ಬೇಕಾದದ್ದೇ.

ಇದರಿಂದ ಏನು ಗೊತ್ತಾಗುತ್ತದೆ? ರೇಡಿಯೊಗೆ ಟಿವಿ ಬೇಡ, ಎಚ್‌ಡಿಎಂಐ ಬೇಡ, ಸೆಟ್‌ಟಾಪ್ ಬಾಕ್ಸ್ ಬೇಡ. ಎಫ್‌ಎಂ ಕೇಳಿದರೆ ರಿಸೀವರಿನ ಆಂಪ್ಲಿಫೈಯರ್ (ಸಂಕೇತವನ್ನು ಬಲಪಡಿಸುವ ಭಾಗ), ತಂತಿ ಮತ್ತು ಮುಂದಿನ ಸ್ಪೀಕರ್‌ಗಳು ಸರಿಯಾಗಿವೆ, ತೊಂದರೆ ಇರುವುದು ಟಿವಿ ಕಡೆಯಿಂದ ಬರುವ ದಾರಿಯಲ್ಲಿ. ನೇರವಾಗಿ 4ನೇ ಹಂತಕ್ಕೆ ಹೋಗಿ. ಎಫ್‌ಎಂ ಕೂಡ ಕೇಳದಿದ್ದರೆ ಟಿವಿಯ ಸೆಟ್ಟಿಂಗ್ ಮುಟ್ಟುವುದೇ ಬೇಡ, 3ನೇ ಹಂತ ನಿಮ್ಮದು. ಒಂದು ನಿಮಿಷದ ಕೆಲಸ, ಅರ್ಧ ದಿನದ ಪರದಾಟ ಉಳಿಯುತ್ತದೆ.

ಅಮೆರಿಕದಲ್ಲಿರುವ ಮಗಳೋ ಮಗನೋ ತಂದುಕೊಟ್ಟ ರಿಸೀವರ್ ಆದರೆ 100.6 ಸಿಗದೆ 100.5ರಿಂದ 100.7ಕ್ಕೆ ಜಿಗಿಯಬಹುದು. ಕೆಟ್ಟಿದೆ ಎಂದುಕೊಳ್ಳಬೇಡಿ, ಆ ದೇಶದ ನಿಲಯಗಳು ಬೆಸ ಅಂಕಿಗಳಲ್ಲೇ ಇರುವುದರಿಂದ ಟ್ಯೂನರ್ ಹಾಗೆ ನಡೆಯುತ್ತದೆ. ಅಂಥ ಪೆಟ್ಟಿಗೆಗೆ ಇನ್ನೂ ದೊಡ್ಡ ಅಪಾಯವಿದೆ. ಅಲ್ಲಿನ ಮನೆವಿದ್ಯುತ್ತು 120 ವೋಲ್ಟ್, ನಮ್ಮದು 230. ಹಿಂಬದಿಯಲ್ಲಿ 120 ಎಂದಷ್ಟೇ ಬರೆದಿದ್ದರೆ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಪ್ಲಗ್ ಹಾಕಲೇಬೇಡಿ. ಈಗಾಗಲೇ ಹಾಕಿದ್ದರೆ ಈ ಲೇಖನದ ಉಳಿದ ಭಾಗ ನಿಮಗೆ ಬೇಕಾಗುವುದಿಲ್ಲ.

3. ಒಂದೊಂದೇ ಸ್ಪೀಕರ್ ಮಾತನಾಡಿಸಿ

ಮೆನುವಿನಲ್ಲಿ ‘ಸ್ಪೀಕರ್ ಸೆಟಪ್’ ಒಳಗೆ ‘ಟೆಸ್ಟ್ ಟೋನ್’ ಇರುತ್ತದೆ. ಅದು ಮಳೆ ಸುರಿದಂಥ ಸದ್ದನ್ನು ಎಡ, ಸೆಂಟರ್, ಬಲ, ಸರೌಂಡ್ ಎಂದು ಒಂದಾದ ಮೇಲೊಂದರಲ್ಲಿ ಹೊರಡಿಸುತ್ತದೆ. ಯಾವುದು ಸುಮ್ಮನಿದೆ ಎಂದು ಬರೆದುಕೊಳ್ಳಿ. ಪರದೆಯ ಮೇಲೆ ‘ಎಡ’ ಎಂದಿರುವಾಗ ಬಲಗಡೆ ಸದ್ದು ಬಂದರೆ ತಂತಿ ಅದಲುಬದಲಾಗಿದೆ.

ಒಂದೇ ಸ್ಪೀಕರ್ ಸುಮ್ಮನಿದೆ ಎಂದುಕೊಳ್ಳೋಣ, ಎಡಗಡೆಯದು. ಪ್ಲಗ್ ಕಿತ್ತು, ರಿಸೀವರಿನ ಹಿಂದೆ ಎಡ ಮತ್ತು ಬಲದ ತಂತಿಗಳನ್ನು ಅದಲುಬದಲು ಮಾಡಿ, ಮತ್ತೆ ಟೋನ್ ಹಾಕಿ. ಈಗಲೂ ಎಡಗಡೆಯ ಸ್ಪೀಕರೇ ಸುಮ್ಮನಿದ್ದರೆ ದೋಷ ತಂತಿಯಲ್ಲೋ ಸ್ಪೀಕರಿನಲ್ಲೋ ಇದೆ. ಎಡದ್ದು ಮಾತನಾಡಿ ಬಲದ್ದು ಮೌನವಾದರೆ ದೋಷ ರಿಸೀವರಿನ ಆ ಚಾನೆಲಿನಲ್ಲಿದೆ. ಒಮ್ಮೆಗೆ ಒಂದೇ ಬದಲಾವಣೆ ಮಾಡಿ. ಎರಡನ್ನು ಒಟ್ಟಿಗೆ ಬದಲಿಸಿದರೆ ಸರಿಹೋದರೂ ಯಾವುದರಿಂದ ಸರಿಹೋಯಿತು ಎಂಬುದು ತಿಳಿಯುವುದಿಲ್ಲ.

ತಂತಿಯೋ ಸ್ಪೀಕರೋ ಎಂದು ತಿಳಿಯಲು ಪೆನ್ಸಿಲ್ ಸೆಲ್ ತೆಗೆದುಕೊಳ್ಳಿ. ತಂತಿಯ ರಿಸೀವರ್ ತುದಿಯನ್ನು ಪೂರ್ತಿ ಬಿಚ್ಚಿ, ಅದರ ಎರಡು ಎಳೆಗಳನ್ನು ಸೆಲ್ಲಿನ ಎರಡು ತುದಿಗೆ ಕ್ಷಣಮಾತ್ರ ತಾಗಿಸಿ. ಸ್ಪೀಕರ್ ‘ಟಪ್’ ಎಂದರೆ ತಂತಿಗೂ ಸ್ಪೀಕರಿಗೂ ಜೀವವಿದೆ. ಪ್ಲಸ್‌ಗೆ ಪ್ಲಸ್ ಸೇರಿದ್ದರೆ ಆ ಟಪ್ ಎನ್ನುವಾಗ ಕೋನ್, ಅಂದರೆ ಸ್ಪೀಕರಿನಲ್ಲಿ ಅದುರುವ ಬಟ್ಟಲಿನಂಥ ಹಾಳೆ, ಹೊರಕ್ಕೆ ತಳ್ಳಿಕೊಳ್ಳುತ್ತದೆ, ಒಳಕ್ಕೆ ಸೆಳೆದುಕೊಂಡರೆ ತಂತಿ ತಿರುವುಮುರುವಾಗಿದೆ. ಹಾಗೆ ತಿರುಗಿರುವ ಒಂದು ಸ್ಪೀಕರ್ ಸದ್ದು ಮಾಡುತ್ತದೆ, ಆದರೆ ಜೋಡಿಯ ತಗ್ಗುಸ್ವರ ಮಾಯವಾಗಿ ಹಾಡು ಸೊರಗುತ್ತದೆ. ಸ್ವಂತ ಕರೆಂಟಿನಲ್ಲಿ ನಡೆಯುವ ಸಬ್‌ವೂಫರಿಗೆ ಮಾತ್ರ ಈ ಸೆಲ್ ಪರೀಕ್ಷೆ ಬೇಡ.

ಮಲ್ಟಿಮೀಟರ್ ಇದ್ದವರು ಅದೇ ಬಿಚ್ಚಿದ ತುದಿಯಲ್ಲಿ ಓಮ್, ಅಂದರೆ ವಿದ್ಯುತ್ತಿಗಿರುವ ತಡೆಯನ್ನು, ಅಳೆಯಿರಿ. 8 ಓಮ್ ಎಂದು ಬರೆದಿರುವ ಸ್ಪೀಕರ್ ಮೀಟರಿನಲ್ಲಿ 6ರ ಆಸುಪಾಸು ತೋರಿಸುತ್ತದೆ, ಅದು ಸಹಜ. ಸೊನ್ನೆ ಬಂದರೆ ಎರಡು ಎಳೆ ಎಲ್ಲೋ ಕೂಡಿಕೊಂಡಿವೆ. ಏನೂ ತೋರಿಸದಿದ್ದರೆ ಎಲ್ಲೋ ಕಡಿದಿದೆ; ಸೋಫಾ ಹಿಂದಿನ, ಕಪಾಟಿನ ಕೆಳಗಿನ ಭಾಗವನ್ನು ಟಾರ್ಚ್ ಹಾಕಿ ನೋಡಿ, ಇಲಿ ತನ್ನ ಸಹಿ ಹಾಕಿಯೇ ಹೋಗಿರುತ್ತದೆ. ಹೊಸ ತಂತಿ ತರುವಾಗ ಏಳೆಂಟು ಮೀಟರಿನ ಒಳಗಾದರೆ 1.5 ಚದರ ಮಿಲಿಮೀಟರಿನ ತಾಮ್ರದ ತಂತಿ ಸಾಕು. ಚಿನ್ನದ ಬಣ್ಣದ ದುಬಾರಿ ಕೇಬಲಿನಿಂದ ಮನೆಯೊಳಗಿನ ಇಂಥ ದೂರಗಳಲ್ಲಿ ಕಿವಿಗೆ ಏನೂ ಹೆಚ್ಚಾಗುವುದಿಲ್ಲ.

ಆಯುಧಪೂಜೆಯ ಮಾತು ಹೇಳದೆ ಮುಂದೆ ಹೋಗಲಾರೆ. ಒಂದು ಮನೆಯಲ್ಲಿ ಸೆಂಟರ್ ಸ್ಪೀಕರಿನ ಜಾಲರಿ ತೆಗೆದಾಗ ಟ್ವೀಟರಿನ, ಅಂದರೆ ಏರುಸ್ವರ ನುಡಿಸುವ ಪುಟ್ಟ ಗುಮ್ಮಟದ, ನಟ್ಟನಡುವೆ ಕುಂಕುಮದ ಬೊಟ್ಟು ಇತ್ತು. ಬೆರಳು ಒತ್ತಿದ ಜಾಗದಲ್ಲಿ ಗುಮ್ಮಟ ಒಳಕ್ಕೆ ಕುಸಿದಿತ್ತು. ಬೊಟ್ಟನ್ನು ಮರದ ಪೆಟ್ಟಿಗೆಯ ಪಕ್ಕಕ್ಕೆ ಇಡಿ. ರಿಸೀವರಿನ ನೆತ್ತಿಯ ಮೇಲೆ ಹೂವು, ಅಕ್ಷತೆ, ತೀರ್ಥ ಯಾವುದೂ ಬೇಡ, ಅಲ್ಲಿರುವುದೆಲ್ಲ ಗಾಳಿಕಿಂಡಿ.

4. ಎಫ್‌ಎಂ ಕೇಳುತ್ತದೆ, ಟಿವಿ ಕೇಳುವುದಿಲ್ಲ

ಇಲ್ಲಿ ‘ಎಆರ್‌ಸಿ’ ಎಂಬ ಪದ ತಿಳಿದಿರಬೇಕು. ಮಾಮೂಲಿಯಾಗಿ ಎಚ್‌ಡಿಎಂಐ ಕೇಬಲಿನಲ್ಲಿ ಚಿತ್ರವೂ ಧ್ವನಿಯೂ ರಿಸೀವರಿನಿಂದ ಟಿವಿ ಕಡೆಗೆ ಹೋಗುತ್ತವೆ. ಟಿವಿಯ ಆ್ಯಪ್‌ಗಳ ಧ್ವನಿ ಅದೇ ಕೇಬಲಿನಲ್ಲಿ ಹಿಂದಕ್ಕೆ ರಿಸೀವರಿಗೆ ಬರುವ ಏರ್ಪಾಡೇ ಎಆರ್‌ಸಿ. 2009ರಲ್ಲಿ ಎಚ್‌ಡಿಎಂಐ 1.4ರೊಂದಿಗೆ ಬಂತು, ಹೆಚ್ಚು ಧ್ವನಿ ಹೊರಬಲ್ಲ ಅದರ ತಮ್ಮ ಇಎಆರ್‌ಸಿ, 2.1ರೊಂದಿಗೆ.

ಹಬ್ಬದ ನಂತರದ ಮಾಮೂಲಿ ತಪ್ಪು ಇದು: ಟಿವಿಯಲ್ಲಿ ಮೂರು ನಾಲ್ಕು ಎಚ್‌ಡಿಎಂಐ ತೂತುಗಳಿದ್ದು, ‘ಎಆರ್‌ಸಿ’ ಎಂದು ಬರೆದಿರುವುದು ಅವುಗಳಲ್ಲಿ ಸಾಮಾನ್ಯವಾಗಿ ಒಂದೇ. ಕೇಬಲ್ ಅದಕ್ಕೇ ಹೋಗಬೇಕು. ಕೇಬಲಿನ ಇನ್ನೊಂದು ತುದಿ ರಿಸೀವರಿನ ‘ಔಟ್’ಗೆ ಹೋಗಬೇಕು. ಟಿವಿಯಿಂದ ಧ್ವನಿ ಒಳಕ್ಕೆ ಬರಬೇಕಲ್ಲ ಎಂದು ತರ್ಕಿಸಿ ‘ಇನ್’ಗೆ ಚುಚ್ಚಿದವರು ಅನೇಕರು. ತರ್ಕ ಸರಿ, ತೂತು ತಪ್ಪು.

ತೂತು ಸರಿ ಇದ್ದರೆ ಟಿವಿಯ ಮೆನುವಿನಲ್ಲಿ ಎರಡು ಕಡೆ ನೋಡಿ. ಧ್ವನಿಯ ಹೊರದಾರಿ ‘ಟಿವಿ ಸ್ಪೀಕರ್’ ಎಂದಿದ್ದರೆ ‘ರಿಸೀವರ್’ ಅಥವಾ ‘ಎಚ್‌ಡಿಎಂಐ ಎಆರ್‌ಸಿ’ಗೆ ಬದಲಿಸಿ. ಇನ್ನೊಂದು ಸಿಇಸಿ: ಒಂದೇ ರಿಮೋಟಿನಿಂದ ಎಲ್ಲ ಪೆಟ್ಟಿಗೆಗಳೂ ನಡೆಯುವ ಸೌಲಭ್ಯ. ಇದು ಆಫ್ ಆಗಿದ್ದರೆ ಎಷ್ಟೋ ಟಿವಿಗಳಲ್ಲಿ ಎಆರ್‌ಸಿಯೂ ನಡೆಯುವುದಿಲ್ಲ. ಸ್ಯಾಮ್‌ಸಂಗ್ ಇದನ್ನು ಎನಿನೆಟ್ ಪ್ಲಸ್ ಎನ್ನುತ್ತದೆ, ಎಲ್‌ಜಿ ಸಿಂಪ್‌ಲಿಂಕ್ ಎನ್ನುತ್ತದೆ, ಸೋನಿ ಬ್ರಾವಿಯಾ ಸಿಂಕ್ ಎನ್ನುತ್ತದೆ. ರಿಸೀವರಿನ ಮೆನುವಿನಲ್ಲೂ ಎಆರ್‌ಸಿ, ಸಿಇಸಿ ಎರಡನ್ನೂ ಚಾಲೂ ಮಾಡಿ.

ಎಲ್ಲ ಸರಿಯಿದ್ದೂ ಸದ್ದಿಲ್ಲವೇ? ಕರೆಂಟು ಹೋಗಿ ಬಂದ ಮೇಲೆ ಹೀಗಾಗುವುದುಂಟು. ಎರಡು ಪೆಟ್ಟಿಗೆಗಳು ಪರಸ್ಪರ ಗುರುತು ಹಿಡಿಯುವುದರಲ್ಲಿ ಎಡವಿರುತ್ತವೆ. ಎಲ್ಲದರ ಪ್ಲಗ್ ಕಿತ್ತು ಐದು ನಿಮಿಷ ಬಿಡಿ. ಮೊದಲು ಟಿವಿ, ಆಮೇಲೆ ರಿಸೀವರ್, ಕೊನೆಗೆ ಸೆಟ್‌ಟಾಪ್ ಬಾಕ್ಸ್ ಹಚ್ಚಿ. ಅದಕ್ಕೂ ಬಗ್ಗದಿದ್ದರೆ ಕೇಬಲ್ ಬದಲಿಸಿ ನೋಡಿ.

ಆಪ್ಟಿಕಲ್ ಕೇಬಲ್, ಅಂದರೆ ಧ್ವನಿಯನ್ನು ಬೆಳಕಾಗಿ ಒಯ್ಯುವ ತಂತಿ, ಬಳಸುವವರು ತುದಿಯಲ್ಲಿ ಕೆಂಪು ಬೆಳಕು ಕಾಣುತ್ತದೆಯೇ ಎಂದು ನೋಡಿ. ಹೊಸ ಕೇಬಲಾದರೆ ತುದಿಯ ಪುಟ್ಟ ಪ್ಲಾಸ್ಟಿಕ್ ಟೋಪಿ ತೆಗೆದಿದ್ದೀರಾ ಎಂಬುದನ್ನೂ.

5. ಮುಂದೆ ಸದ್ದಿದೆ, ಹಿಂದೆ ಇಲ್ಲ

ಟೆಸ್ಟ್ ಟೋನ್ ಹಿಂದೆಯೂ ಕೇಳಿದ್ದರೆ ಇದು ದೋಷವೇ ಅಲ್ಲದಿರಬಹುದು. ವಾರ್ತೆ, ಧಾರಾವಾಹಿ, ಯೂಟ್ಯೂಬ್‌ನ ಬಹುಪಾಲು ಎರಡೇ ಚಾನೆಲಿನ ಸ್ಟೀರಿಯೊ. ಹಿಂದಿನ ಸ್ಪೀಕರಿಗೆ ಅಲ್ಲಿ ಹೇಳುವುದೇನೂ ಇಲ್ಲ. ಒಟಿಟಿಯಲ್ಲಿ ಒಂದೇ ಚಿತ್ರದ ಕನ್ನಡ ಧ್ವನಿಪಥ ಸ್ಟೀರಿಯೊ ಇದ್ದು ಮತ್ತೊಂದು ಭಾಷೆಯದು 5.1 ಇರುವುದೂ ಉಂಟು. 5.1 ಎಂದು ಖಚಿತವಿರುವ ಚಿತ್ರವನ್ನೇ ಹಾಕಿ ಪರೀಕ್ಷಿಸಿ.

ಆಗಲೂ ರಿಸೀವರಿನ ಪರದೆಯಲ್ಲಿ ‘ಡಾಲ್ಬಿ’ (5.1 ಧ್ವನಿಯನ್ನು ಗಂಟುಕಟ್ಟುವ ಒಂದು ಬಗೆ) ಎಂದು ಬರದೆ ‘ಪಿಸಿಎಂ’ (ಗಂಟು ಬಿಚ್ಚಿದ ಧ್ವನಿ) ಎಂದಷ್ಟೇ ಬಂದರೆ ಟಿವಿ ಧ್ವನಿಯನ್ನು ತಾನೇ ಬಿಡಿಸಿ ಎರಡು ಚಾನೆಲಿಗೆ ಇಳಿಸಿ ಕಳಿಸುತ್ತಿದೆ. ಟಿವಿಯ, ಹಾಗೆಯೇ ಸೆಟ್‌ಟಾಪ್ ಬಾಕ್ಸಿನ, ಡಿಜಿಟಲ್ ಧ್ವನಿಯ ಸೆಟ್ಟಿಂಗನ್ನು ‘ಪಿಸಿಎಂ’ನಿಂದ ‘ಬಿಟ್‌ಸ್ಟ್ರೀಮ್’ ಅಥವಾ ‘ಪಾಸ್‌ಥ್ರೂ’ಗೆ ಬದಲಿಸಿ. ಬಿಟ್‌ಸ್ಟ್ರೀಮ್ ಎಂದರೆ ಗಂಟನ್ನು ಬಿಚ್ಚದೆ ಹಾಗೇ ಸಾಗಿಸುವುದು. ಬಿಚ್ಚುವ ಕೆಲಸ ರಿಸೀವರಿನದು. ರಿಸೀವರ್ ‘ಡೈರೆಕ್ಟ್’ ಅಥವಾ ‘ಸ್ಟೀರಿಯೊ’ ವಿಧಾನದಲ್ಲಿ ನಿಂತಿಲ್ಲ ಎಂದೂ ನೋಡಿಕೊಳ್ಳಿ.

6. ಹಾಡು ಕೇಳುತ್ತದೆ, ಮಾತು ಕೇಳುವುದಿಲ್ಲ

ಹೀಗೆಂದು ಯಾರಾದರೂ ಹೇಳಿದ ತಕ್ಷಣ ನಾನು ಕೇಳುವುದು ಸೆಂಟರ್ ಸ್ಪೀಕರಿನ ಬಗ್ಗೆ. 5.1ರಲ್ಲಿ ಸಂಭಾಷಣೆಯ ಬಹುಭಾಗ ಅದೊಂದರಲ್ಲೇ ಬರುತ್ತದೆ. ಆ ತಂತಿ ಕಳಚಿದ್ದು, ರಿಸೀವರ್ ಮಾತ್ರ ಸೆಂಟರ್ ಇದೆ ಎಂದೇ ನಂಬಿಕೊಂಡಿದ್ದರೆ ಹಿನ್ನೆಲೆ ಸಂಗೀತ ಮೊಳಗುತ್ತದೆ, ನಾಯಕ ತುಟಿಯನ್ನಷ್ಟೇ ಆಡಿಸುತ್ತಾನೆ. ತಂತಿ ಸರಿಪಡಿಸಿ. ಸ್ಪೀಕರೇ ಇಲ್ಲದಿದ್ದರೆ ಮೆನುವಿನಲ್ಲಿ ಸೆಂಟರನ್ನು ‘ನನ್’ (None, ಅಂದರೆ ಇಲ್ಲ) ಮಾಡಿ, ಮಾತು ಎಡಬಲಕ್ಕೆ ಹಂಚಿಹೋಗುತ್ತದೆ.

ಮಾತು ಕೇಳುತ್ತದೆ ಆದರೆ ಕ್ಷೀಣ ಎನ್ನುವವರು ಸೆಂಟರಿನ ಮಟ್ಟವನ್ನು 2 ಅಥವಾ 3 ಡೆಸಿಬೆಲ್ ಏರಿಸಿ. ಕಪಾಟಿನ ಒಳಗೆ ತಳ್ಳಿದ್ದರೆ ಅಂಚಿಗೆ ಎಳೆದು, ಕೂತವರ ಕಿವಿಯ ಕಡೆ ತುಸು ವಾಲಿಸಿ. ರಾತ್ರಿ ಮಕ್ಕಳು ಮಲಗಿದ ಮೇಲೆ ನೋಡುವವರಿಗೆ ‘ನೈಟ್ ಮೋಡ್’ ಇದೆ. ಅದು ದೊಡ್ಡ ಸದ್ದನ್ನು ತಗ್ಗಿಸಿ ಸಣ್ಣ ಸದ್ದನ್ನು ಎತ್ತುತ್ತದೆ.

ಸ್ಟ್ಯಾಂಡ್ ಜಾಗ ಬದಲಿಸಿದ್ದರೆ ಪೆಟ್ಟಿಗೆಯೊಂದಿಗೆ ಬಂದ ಮೈಕ್ ಹಚ್ಚಿ ಸ್ವಯಂ ಅಳತೆಯನ್ನು ಹೊಸದಾಗಿ ಮಾಡಿಸಿ. ಮೈಕ್ ಕೂತವರ ಕಿವಿಯ ಎತ್ತರದಲ್ಲಿರಲಿ, ಸೋಫಾದ ಮೇಲೆ ಬಿದ್ದಿರಬಾರದು. ಫ್ಯಾನ್ ಆರಿಸಿ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವ ಹೊತ್ತು ಬೇಡ. ಮುಗಿದ ಮೇಲೆ ಅದು ನಿಮ್ಮ ಸಣ್ಣ ಸ್ಪೀಕರನ್ನು ‘ಲಾರ್ಜ್’ ಎಂದು ಬರೆದುಕೊಂಡಿದ್ದರೆ ‘ಸ್ಮಾಲ್’ ಮಾಡಿ, ಕ್ರಾಸ್‌ಓವರನ್ನು 80 ಹರ್ಟ್ಸ್‌ಗೆ ಇಡಿ. ಅಂದರೆ ಅದಕ್ಕಿಂತ ತಗ್ಗಿನ ಸ್ವರಗಳು ಸಬ್‌ವೂಫರಿನ ಪಾಲು.

7. ಗುಂಯ್ ಎನ್ನುವ ಸದ್ದು

ಚಿತ್ರ ನಿಲ್ಲಿಸಿದರೂ ದುಂಬಿ ಗುನುಗಿದಂತೆ ಒಂದೇ ಸಮನೆ ಬರುವ ಸದ್ದು ನಮ್ಮ 50 ಹರ್ಟ್ಸ್ ಮನೆವಿದ್ಯುತ್ತಿನದು. ಹೆಚ್ಚಿನ ಸಲ ಕಾರಣ ಗ್ರೌಂಡ್ ಲೂಪ್: ಎರಡು ಸಾಧನಗಳು ಎರಡು ಬೇರೆ ದಾರಿಯಲ್ಲಿ ಭೂಮಿಗೆ ಸೇರಿದ್ದು, ಆ ಎರಡರ ನಡುವಿನ ಅಲ್ಪ ವೋಲ್ಟೇಜಿನಿಂದ ಧ್ವನಿತಂತಿಯಲ್ಲಿ ಕರೆಂಟು ಹರಿಯುವುದು.

ಕಳ್ಳನನ್ನು ಹಿಡಿಯುವುದು ಹೀಗೆ. ಗುಂಯ್ ಬರುತ್ತಿರುವಾಗಲೇ ಸೆಟ್‌ಟಾಪ್ ಬಾಕ್ಸಿನ ಹಿಂದಿನ ದುಂಡು ಕೇಬಲನ್ನು, ಕಂಬದಿಂದಲೋ ತಾರಸಿಯ ಡಿಶ್‌ನಿಂದಲೋ ಬಂದಿರುವುದನ್ನು, ತಿರುಗಿಸಿ ಬಿಚ್ಚಿ. ಸದ್ದು ಥಟ್ಟನೆ ನಿಂತರೆ ಅದೇ. ಕೇಬಲ್ ಟಿವಿಯಾದರೆ ಆ ತಂತಿಯ ನಡುವೆ ಗ್ರೌಂಡ್ ಐಸೊಲೇಟರ್ ಎಂಬ ಪುಟ್ಟ ತುಂಡು ಸೇರಿಸಿದರೆ ಸಾಕು. ಡಿಶ್ ಆದರೆ ಅದು ಬೇಡ. ತಾರಸಿಯ ಡಿಶ್‌ಗೆ ವಿದ್ಯುತ್ತು ಹೋಗುವುದು ಅದೇ ಕೇಬಲಿನಲ್ಲಿ, ಐಸೊಲೇಟರ್ ಅದನ್ನು ತಡೆದು ಚಿತ್ರವನ್ನೇ ನಿಲ್ಲಿಸುತ್ತದೆ. ಡಿಶ್ ಇರುವವರು ಬಾಕ್ಸನ್ನು ಟಿವಿಗೆ ಕೊಟ್ಟು, ಟಿವಿಯಿಂದ ರಿಸೀವರಿಗೆ ಆಪ್ಟಿಕಲ್ ಕೇಬಲ್ ಎಳೆಯಿರಿ, ನಡುವಿನ ಎಚ್‌ಡಿಎಂಐ ತೆಗೆಯಿರಿ. ಬೆಳಕಿನ ದಾರಿಯಲ್ಲಿ ಕರೆಂಟು ಹರಿಯುವುದಿಲ್ಲ.

ಸಬ್‌ವೂಫರ್ ಒಂದೇ ಗುನುಗುತ್ತಿದ್ದರೆ ಅದಕ್ಕೆ ಹೋಗುವ ಧ್ವನಿಕೇಬಲ್ ಕೀಳಿ. ಆಗಲೂ ಗುನುಗಿದರೆ ಅದರ ಒಳಗಿನ ಆಂಪ್ಲಿಫೈಯರ್ ಕೆಟ್ಟಿದೆ. ನಿಂತರೆ ಕೇಬಲ್ ಅಥವಾ ಲೂಪ್. ಟಿವಿ, ರಿಸೀವರ್, ಸಬ್‌ವೂಫರ್ ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ತಂದು ನೋಡಿ.

ಇಲ್ಲೊಂದು ಅಪಾಯದ ಸಲಹೆ ಚಾಲ್ತಿಯಲ್ಲಿದೆ: ಮೂರು ಪಿನ್ನಿನ ಪ್ಲಗ್‌ನಿಂದ ಅರ್ಥ್ ಪಿನ್ ಕತ್ತರಿಸಿ ಎನ್ನುವುದು. ಗುಂಯ್ ನಿಲ್ಲಬಹುದು. ಮುಂದೆಂದೋ ಒಳಗೆ ಒಂದು ತಂತಿ ಸಡಿಲವಾಗಿ ಲೋಹದ ಮೈಗೆ ತಾಗಿದ ದಿನ ಆ ಕರೆಂಟು ಭೂಮಿಗೆ ಹೋಗುವುದು ಮುಟ್ಟಿದವರ ಮೂಲಕ. ಕತ್ತರಿಸಬೇಡಿ, ಬದಲಿಗೆ ಅರ್ಥಿಂಗ್ ಪರೀಕ್ಷಿಸಿ. ಹಳೆಯ ಅಗ್ರಹಾರದ ಮನೆಗಳಲ್ಲಿ ಮೂರನೆಯ ತೂತು ಇದ್ದರೂ ಅದರ ಹಿಂದೆ ತಂತಿಯೇ ಇಲ್ಲದಿರುವುದನ್ನು ನೋಡಿದ್ದೇನೆ. ಎಲೆಕ್ಟ್ರಿಷಿಯನ್ ಕರೆಸಿ ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಅಳತೆ ಮಾಡಿಸಿ. ಒಂದೆರಡು ವೋಲ್ಟ್ ಇದ್ದರೆ ಸರಿ, ಹತ್ತಿಪ್ಪತ್ತು ಕಂಡರೆ ಅರ್ಥಿಂಗ್ ಗುಂಡಿಯನ್ನು ನೋಡಿಸಬೇಕು. ಬೇಸಿಗೆಯಲ್ಲಿ ಆ ಗುಂಡಿಗೆ ಎರಡು ಬಕೆಟ್ ನೀರು ಸುರಿಯುವ ಹಳಬರ ಪದ್ಧತಿ ಸುಮ್ಮನೆ ಬಂದದ್ದಲ್ಲ. ಒಣಮಣ್ಣು ಕರೆಂಟನ್ನು ಸರಿಯಾಗಿ ಒಯ್ಯುವುದಿಲ್ಲ.

ಕರೆಂಟು ಹೋಗಿ ಇನ್ವರ್ಟರಿನಲ್ಲಿ ನಡೆಯುವಾಗ ಮಾತ್ರ ಗುಂಯ್ ಎಂದರೆ ಅದು ಸ್ಕ್ವೇರ್ ವೇವ್ ಇನ್ವರ್ಟರ್ ಇರಬಹುದು. ಅದರಲ್ಲಿ ರಿಸೀವರ್ ನಡೆಸದಿರುವುದೇ ಮೇಲು.

8. ತಾನಾಗಿ ಆರಿಹೋಗುವುದು

ಹಚ್ಚಿದ ಕೂಡಲೇ ‘ಟಕ್’ ಎಂದು ಆರಿ ಕೆಂಪು ದೀಪ ಮಿಣುಕುತ್ತಿದ್ದರೆ ರಿಸೀವರ್ ತನ್ನನ್ನು ತಾನು ಕಾಪಾಡಿಕೊಳ್ಳುತ್ತಿದೆ. ಮತ್ತೆ ಮತ್ತೆ ಗುಂಡಿ ಒತ್ತಬೇಡಿ. ಪ್ಲಗ್ ಕಿತ್ತು, ಟಾರ್ಚ್ ಹಾಕಿ ಹಿಂಬದಿಯ ಸ್ಪೀಕರ್ ತಿರುಪುಗಳನ್ನು ಹತ್ತಿರದಿಂದ ನೋಡಿ. ಕೂದಲಿನಷ್ಟು ತೆಳ್ಳಗಿನ ಒಂದು ತಾಮ್ರದ ಎಳೆ ಕೆಂಪು ತಿರುಪಿನಿಂದ ಚಾಚಿ ಕಪ್ಪಿಗೆ ತಾಗಿದ್ದರೆ ಅಷ್ಟೇ ಸಾಕು. ಎಳೆಗಳನ್ನು ಬತ್ತಿ ಹೊಸೆದಂತೆ ಬಿಗಿಯಾಗಿ ಹೊಸೆದು ಮತ್ತೆ ಸೇರಿಸಿ.

ಕಾಣದಿದ್ದರೆ ಎಲ್ಲ ಸ್ಪೀಕರ್ ತಂತಿಗಳನ್ನು ಬಿಚ್ಚಿ ಹಚ್ಚಿ. ಬರಿಗೈಯಲ್ಲೂ ಆರಿದರೆ ದುರಸ್ತಿಗೆ ಒಯ್ಯಬೇಕು. ಆರದೆ ನಡೆದರೆ, ಪ್ರತಿಸಲ ಪ್ಲಗ್ ಕಿತ್ತು, ಒಂದೊಂದೇ ಸ್ಪೀಕರ್ ಸೇರಿಸುತ್ತಾ ಹೋಗಿ. ಯಾವುದರೊಡನೆ ಆರುತ್ತದೆಯೋ ಅದೇ ತಪ್ಪಿತಸ್ಥ.

ಸದ್ದು ಏರಿಸಿದಾಗ ಅಥವಾ ಅರ್ಧ ಗಂಟೆಯ ನಂತರ ಆರುವುದು ಬೇರೆ ಕಥೆ. ಅಡುಗೆಮನೆಗೂ ಹಾಡು ಕೇಳಲಿ ಎಂದು ಅದೇ ತಿರುಪಿಗೆ ಇನ್ನೊಂದು ಸ್ಪೀಕರ್ ಸೇರಿಸಿದ್ದೀರಾ? 8 ಓಮಿನ ಎರಡು ಹಾಗೆ ಕೂಡಿದರೆ 4 ಓಮ್ ಆಗುತ್ತದೆ, ರಿಸೀವರಿಗೆ ಭಾರ ಇಮ್ಮಡಿ. ಇಲ್ಲವಾದರೆ ಶಾಖ. ಗಾಳಿಕಿಂಡಿಯ ಮೇಲೆ ಅಜ್ಜಿ ಹೆಣೆದ ಕ್ರೋಶಾ ಹೊದಿಕೆ, ಅದರ ಮೇಲೆ ಸೆಟ್‌ಟಾಪ್ ಬಾಕ್ಸ್, ಅದರ ಮೇಲೆ ಗಣೇಶ. ಈ ಗೋಪುರವನ್ನು ಇಳಿಸಿ ಮೇಲೆ ಒಂದು ಗೇಣು ಜಾಗ ಬಿಡಿ.

9. ತುಟಿಗೂ ಮಾತಿಗೂ ಹೊಂದದಿದ್ದರೆ

ಚಿತ್ರವನ್ನು ತಿದ್ದಲು ಟಿವಿ ಹೊತ್ತು ತೆಗೆದುಕೊಳ್ಳುವುದರಿಂದ ಮಾತು ಮೊದಲೇ ಬರುತ್ತದೆ. ರಿಸೀವರಿನ ‘ಲಿಪ್ ಸಿಂಕ್’ ಅಥವಾ ‘ಆಡಿಯೊ ಡಿಲೇ’ಯನ್ನು ಸ್ವಲ್ಪ ಸ್ವಲ್ಪವೇ, 10 ಮಿಲಿಸೆಕೆಂಡಿನಂತೆ, ಏರಿಸಿ. ಮಾತೇ ತಡವಾಗುತ್ತಿದ್ದರೆ ಅದನ್ನು ಸೊನ್ನೆಗೆ ತನ್ನಿ.

10. ಕೊನೆಗೆ ರೀಸೆಟ್, ಆಮೇಲೆ ಅಂಗಡಿ

ಮೇಲಿನ ಯಾವುದಕ್ಕೂ ಬಗ್ಗದಿದ್ದರೆ ಫ್ಯಾಕ್ಟರಿ ರೀಸೆಟ್ ಮಾಡಿ. ಯಾವ ಗುಂಡಿಗಳನ್ನು ಒಟ್ಟಿಗೆ ಒತ್ತಬೇಕು ಎಂಬುದು ಮಾದರಿಯ ಕೈಪಿಡಿಯಲ್ಲಿದೆ. ಎಲ್ಲ ಅಳತೆಗಳೂ ಅಳಿಸಿಹೋಗುವುದರಿಂದ ಮೊದಲು ಮೆನುವಿನ ಫೋಟೊ ತೆಗೆದುಕೊಳ್ಳಿ.

ಅಂಗಡಿಗೆ ಒಯ್ಯಬೇಕಾದರೆ ‘ಸೌಂಡ್ ಬರುತ್ತಿಲ್ಲ’ ಎಂದಷ್ಟೇ ಹೇಳಬೇಡಿ. ‘ಎಫ್‌ಎಂನಲ್ಲೂ ಎಡ ಚಾನೆಲ್ ಇಲ್ಲ, ತಂತಿ ಅದಲುಬದಲು ಮಾಡಿ ನೋಡಿದ್ದೇನೆ’ ಎಂದು ಚೀಟಿಯಲ್ಲಿ ಬರೆದು ಪೆಟ್ಟಿಗೆಗೆ ಅಂಟಿಸಿ. ರಿಮೋಟ್ ಜೊತೆಗೆ ಕೊಡಿ. ಬದಲಿಸಿದ ಹಳೆಯ ಬಿಡಿಭಾಗವನ್ನು ವಾಪಸ್ ಕೇಳಿ. ಹಿಂದಕ್ಕೆ ತರುವ ಮುನ್ನ ಅಂಗಡಿಯಲ್ಲೇ ಒಂದು ಸ್ಪೀಕರನ್ನು ಪ್ರತಿ ತಿರುಪಿಗೂ ಸರದಿಯಂತೆ ಹಚ್ಚಿಸಿ ಐದೂ ಚಾನೆಲಿನ ಟೆಸ್ಟ್ ಟೋನ್ ಕೇಳಿಸಿಕೊಳ್ಳಿ, ಮತ್ತು ಕನಿಷ್ಠ ಅರ್ಧ ಗಂಟೆ ಓಡಿಸಿ ನೋಡಿ. ಬಿಸಿಯಾದ ಮೇಲೆ ಕೈಕೊಡುವ ಪೆಟ್ಟಿಗೆಗಳು ಮೊದಲ ಹತ್ತು ನಿಮಿಷ ಚೆನ್ನಾಗಿಯೇ ಹಾಡುತ್ತವೆ.